ಇಂದು ದುರಸ್ತಿ

ಖಡೇಬಜಾರ ಬಿಟ್ಟು ಒಳಗ ಹೊಳ್ಳಿದರ
ಎರಡನೇ ಸಂದ್ಯಾಗ ಪದ್ಮಾ ಆರ್ಕೇಡ್.
ಮುಂದಿನ ಸೋಮವಾರ ಒಡೀತಾರ.
ಅದಕ್ಕೂ ಮೊದಲ ವೈರು, ಸ್ವಿಚ್ಚು, ತಾಮ್ರ
ಬಿಚ್ಚಿಕೊಂಡ ಹೋಗೂದು ನನ್ನ ಗುತ್ತಿಗಿ.

ಕಾಲಿಟ್ರ ಮೊದಲ ಕಬ್ಬಿನ ಗದ್ದಿ.
ಹದಿನಾಲ್ಕು ಕಂಬ, ಎಲ್ಲಾ ಸಿಮೆಂಟಿನ ಕಬ್ಬು,
ಗಣಿಕಿಗೆ ಗಣಿಕಿ ಬರೋಬ್ಬರಿ, ಗಿಳಿಹಸರ ಬಣ್ಣ.
ಪಾಯಪ್ಪ ಚೌಗುಲಾ ಬೆಲ್ಲದಾಗ ದುಡದಾಂವ.
ಕಂಬ ಯಾಕ ಸುಮ್ನ ನಿಲ್ಲಬೇಕು, ಅಂದಿದ್ನಂತ.
ಒಂದ ಕಂಬ ಮಾತ್ರ ಜ್ವಾಳದ ದಂಟು:
ಗೌಂಡಿ ಯರಗಟ್ಟಿಯಾಂವ, ಪಗಾರ ತಡಾ ಆತಂತ
ಸಿಟ್ಟಿಲೇ ತನ್ನ ಹೊಲದ ಬೆಳಿ ನಿಲ್ಲಿಸಿ ಹೋದ.

ನೆಲಕ್ಕೆಲ್ಲಾ ಒಡದ ಕಪ್ಪು ಬಸಿ.
ಚಹಾದಂಗಡಿ ಚಹಾದಂಗಡಿ ತಿರಗಿ ಕೂಡಿಸಿದ್ದು, ಮೂರು ಟೆಂಪೋ.
ಬಗ್ಗಿದ್ರ ಈಗೂ ಓದಾಕ ಬರತೈತಿ
ಯಾವುದೋ ಹೋಟೆಲಿನ ಅರ್ಧ ಹೆಸರು,
ಅರ್ಧ ಗುಲಾಬಿ,
ನೆಲಕ್ಕ ಹತ್ತಿದ ಒಂದು ಕಪ್ಪಿನ ಕಿವಿ,
ಏನೋ ಕೇಳಿಸಿಕೊಳ್ಳೂ ಹಂಗ.

ಗ್ವಾಡಿಗೆ ಹಡಗಿನ ಕಿಡಕಿ, ದುಂಡಗ, ಹಿತ್ತಾಳಿ ಬೋಲ್ಟು.
ಸಾಹುಕಾರ ಗೋವಾಕ್ಕ ಹೋಗಿ ಬಂದಿದ್ದ.
ಇಣುಕಿದ್ರ ಸಮುದ್ರ ಇಲ್ಲ,
ಮಾಯಣ್ಣವರ ಗೋಡೌನು,
ಬಿಳೇ ಬನೇನು, ತೆರಿ ಮ್ಯಾಲ ತೆರಿ.

ನಡುವ ಆ ಮೆಟ್ಟಿಲು.

ಮುಂಬೈಯಾಗ ನಡಿಯೂ ಮೆಟ್ಟಿಲು ನೋಡಿದ್ನಂತ.
ಯಂತ್ರದ ರೊಕ್ಕಾ ಕೇಳಿ ಮೂರ ದಿನಾ ಊಟಾ ಬಿಟ್ಟ.
ನಾಕನೇ ದಿನಾ ಹೇಳಿದ: ಮೆಟ್ಟಿಲು ಆಗಲಿ, ನಡಗಿ ಆಮ್ಯಾಲ.
ಉಕ್ಕಿನ ಹಲ್ಲು, ಕರೀ ರಬ್ಬರಿನ ಹಿಡಿಕಿ,
ಹಳದಿ ಗೆರಿ, ಒಂದ ಕೆಂಪು ಗುಂಡಿ, ಒಂದ ಹಸರು,
ಬುಡಕ ಬೋರ್ಡು: ಇಂದು ದುರಸ್ತಿ.

ಬೈಲಹೊಂಗಲದಿಂದ, ಸಂಕೇಶ್ವರದಿಂದ ಮಂದಿ ಬಂದ್ರು.
ಬೋರ್ಡ್ ಓದಿ ಮರಮರ ಮರುಗಿ
ಬಂದದ್ದಕ್ಕ ಒಂದ ರಿಬ್ಬನ್ ಕೊಂಡು
ಮುಂದಿನ ವಾರ ಮತ್ತ ಬಂದ್ರು.

ಬರೇ ಬೋರ್ಡ್ ಸಾಲದಾತು.
ಒಳಗ ಯಾರೋ ರಿಪೇರಿ ಮಾಡಾಕತ್ಯಾರ ಅನಸಬೇಕಲ್ಲ.
ಮೆಟ್ಟಿಲ ಕೆಳಗಿನ ಗೂಡಿನ್ಯಾಗ
ಒಂದು ಹುಡುಗನ್ನ ಕುಂಡ್ರಿಸಿದ್ರು, ಕೈಗೆ ಪಾನಾ ಕೊಟ್ಟು.
ಮಂದಿ ಬಂದ್ರ ಠಣ್ ಠಣ್ ಬಡೀಬೇಕು,
ನಡುನಡುವ ಬಾಯಿಲೇ ಗುರ್ರ್ ಅನಬೇಕು.
ದಿನಕ್ಕ ಎರಡ ರೂಪಾಯಿ, ಮ್ಯಾಲೊಂದು ನಾನಖಟಾಯಿ.

ಒಂಬತ್ತ ವರ್ಷದ ಗೌಸು, ನಾನ.

ತೂತಿನಾಗಿಂದ ಕಾಲಷ್ಟ ಕಾಣತಿದ್ವು.
ಕೊಲ್ಹಾಪುರಿ, ಹವಾಯಿ, ಸಾಲಿ ಬೂಟು,
ಮದಿವಿ ಬಟ್ಟಿ ತರಾಕ ಬಂದವರ ಕಾಲುಂಗುರ.
ಒಬ್ಬಾಕಿ ಮುದುಕಿ, ಬೆಳ್ಳಿ ಕಡಗ, ಒಡದ ಹಿಮ್ಮಡ,
ಮೊದಲನೇ ಮೆಟ್ಟಿಲ ಮ್ಯಾಲ ನಿಂತಾಕಿ ಕದಲಲಿಲ್ಲ.
ಯವ್ವಾ, ಕೆಟ್ಟೈತಿ, ಅಂದ್ರು.
ಇರಲಿ, ನಿಂತಿರ್ತೀನಿ, ಅಂದ್ಲು.
ನಾ ಬಡದೆ. ಗುರ್ರ್ ಅಂದೆ. ದಮ್ಮು ಹತ್ತೂ ತನಕ ಅಂದೆ.
ಅಕಿ ಕಾಲಬೆರಳು ಒಮ್ಮೆ ಬಿಗೀ ಹಿಡದ್ವು
ಬಸ್ಸು ಬಿಟ್ಟಾಗ ಹಿಡಿಯೂ ಹಂಗ.
ಹತ್ತಿದ್ನೆಪಾ, ಅಂದ್ಲು.
ಇಳದು ಹೋದ್ಲು.

ನಲವತ್ತ ವರ್ಷದ ಮ್ಯಾಲ ಇವತ್ತ
ಅದ ಗೂಡಿನ ಬಾಗಲಾ ತಗದೀನಿ. ಭುಜಾ ಹಿಡಸವಲ್ದು.
ಬ್ಯಾಟರಿ ಬಿಟ್ರ ಜೇಡರಬಲಿ, ಜಂಗ ಹಿಡದ ಪಾನಾ,
ಮತ್ತ, ಮ್ಯಾಲ ಮೂಲ್ಯಾಗ, ಆಗ ನನಗ ಎಟಕದಲ್ಲೆ,
ನಾಕು ವೈರು.

ವೈರಮನ್ ಅಗೇನಿ, ಅಷ್ಟು ತಿಳೀತೈತಿ.
ಖರೇ ವೈರು. ದಪ್ಪ ತಾಮ್ರ. ಮೂರು ಫೇಜು, ಒಂದು ನ್ಯೂಟ್ರಲ್.
ಮೇನ್ ಬೋರ್ಡಿನಿಂದ ಇಲ್ಲೀ ತನಕ ಬಂದು
ಯಾತಕ್ಕೂ ಹತ್ತದ
ತುದೀಗೆ ಟೇಪ್ ಸುತಗೊಂಡು ಕುಂತಾವು.
ಒಂದಿಲ್ಲಾ ಒಂದ ದಿನಾ ಯಂತ್ರ ಬರತೈತಂತ
ಎಳಸಿ ಇಟ್ಟಿದ್ದ ಸಾಹುಕಾರ.
ಮಂದಿಗೆ ಸುಳ್ಳ ಹೇಳಿದಾಂವ
ಇದನ್ನ ಯಾರಿಗೂ ಹೇಳಲಿಲ್ಲ.

ಟೆಸ್ಟರ್ ಹಚ್ಚಿದೆ.
ಕೆಂಪಗ ಹೊಳೀತು.

ಕಟ್ಟರ್ ಕೈಯಾಗ ಐತಿ, ಕೆಳಗ ಟೆಂಪೋ ನಿಂತೈತಿ,
ಡ್ರೈವರ ಎರಡ ಸಲಾ ಹಾರ್ನ್ ಹೊಡದ.
ವಾಚ್‌ಮನ್ ಬಂದಾ, ಬರೇ ಕಾಲು ಕಾಣತಾವು,
ಏನ ನಡಸೀಯೋ ಗೌಸೂ ಒಳಗ, ಅಂದ.

ದುರಸ್ತಿ, ಅಂದೆ.