ಅರವತ್ತು ವರ್ಷಕ್ಕೆ ಅರ್ಧ

ಮರ್ಚಿಸನ್, ವಿಕ್ಟೋರಿಯಾ.
ಮರ್ಲ್ ಟ್ರ್ಯಾಂಟರ್ ಬಿಸ್ಕತ್ತಿನ ಡಬ್ಬಿ ಬಿಚ್ಚಿದಳು:
ಗುಂಡಿ, ಸೂಜಿ, ಸತ್ತ ನಾಯಿಯ ಕೊರಳಬಿಲ್ಲೆ,
ಅಡಿಯಲ್ಲಿ ಇದ್ದಿಲಿನಂಥ ಕಲ್ಲು.

"ಅರವತ್ತೊಂಬತ್ತು, ಭಾನುವಾರ. ಚರ್ಚಿಗೆ ಹೊರಟಿದ್ದೆ.
ಆಕಾಶ ಗುಡುಗಿತು, ಮೋಡವೇ ಇಲ್ಲ.
ಹುಲ್ಲಿನ ಕೊಟ್ಟಿಗೆಯ ತಗಡು ಠಣ್ ಎಂದಿತು.
ಹೋಗಿ ನೋಡಿದರೆ ಸ್ಪಿರಿಟ್ಟಿನ ವಾಸನೆ.
ಅಪ್ಪ ಮತ್ತೆ ಶುರು ಮಾಡಿದನೇನೋ ಅಂದುಕೊಂಡೆ."

ನಾನು ನನ್ನ ಕೆಲಸ ಹೇಳಿದೆ:
ಇಂಥ ಕಲ್ಲನ್ನು ಆಮ್ಲದಲ್ಲಿ ಕರಗಿಸುವುದು,
ಕರಗದೆ ಹಟ ಹಿಡಿದ ಕಾಳನ್ನು ಹುಡುಕುವುದು.
ಸಾಸಿವೆ ಅದರ ಮುಂದೆ ಬೆಟ್ಟ.
ಸೂರ್ಯ ಹುಟ್ಟುವ ಮೊದಲೇ ಯಾವುದೋ ನಕ್ಷತ್ರ ಸಿಡಿದು
ಆ ಹೊಗೆ ಆರುವಾಗ ಹೆಪ್ಪುಗಟ್ಟಿದ ಕಾಳು.
ಒಳಗೆ ಆಗಷ್ಟೇ ಬೆಂದ ಟೈಟಾನಿಯಂ ಇತ್ತು,
ಬಾಳಿಕೆಯದಲ್ಲ;
ಅರವತ್ತು ವರ್ಷಕ್ಕೆ ಅರ್ಧ,
ಇನ್ನರವತ್ತಕ್ಕೆ ಅರ್ಧದಲ್ಲಿ ಅರ್ಧ,
ಹಾಗೇ ಸವೆಸವೆದು ಸುಣ್ಣವಾಯಿತು.
ಈಗ ನಮಗೆ ಸಿಗುವುದು ಆ ಸುಣ್ಣ, ಅಷ್ಟೇ.

ಅವಳು ಎಡಸೊಂಟ ತಟ್ಟಿಕೊಂಡು ನಕ್ಕಳು.
"ನನ್ನದು ತಿರುಗಾಮುರುಗಾ.
ಇಲ್ಲಿದ್ದ ಸುಣ್ಣವನ್ನು ಡಾಕ್ಟರು ಕೊಯ್ದು ತೆಗೆದು
ಟೈಟಾನಿಯಂ ಕೂರಿಸಿದ.
ಇದೂ ಅರ್ಧವಾಗುತ್ತದೇನು?"

ಇಲ್ಲ, ಇದು ಬೇರೆ ಬಗೆಯದು, ನಿಲ್ಲುತ್ತದೆ, ಅಂದೆ.
"ನಾನೇ ನಿಲ್ಲೋದಿಲ್ಲ ಬಿಡು."

ಕೆಟಲ್ ಕೂಗಿತು.
ಎದ್ದಳು, ಮೇಜು ಹಿಡಿದು, ಒಮ್ಮೆ ಬೈದು.
ಎಂದೋ ಸಿಡಿದ ಬೆಂಕಿಯ ಲೋಹ
ಅವಳ ಭಾರ ಹೊತ್ತು
ಒಲೆಯವರೆಗೆ ಕುಂಟುತ್ತ ನಡೆಯಿತು.
ಕಲ್ಲು ಗುಂಡಿಗಳ ನಡುವೆಯೇ ಇತ್ತು,
ಡಬ್ಬಿಯ ಮುಚ್ಚಳ ನಾನು ಇನ್ನೂ ಹಾಕಿರಲಿಲ್ಲ.

"ಹಾಲು?" ಎಂದಳು, ತಿರುಗದೆ.