ಐದನೇ ಜೇಬು

ಜೀನ್ಸಿಗೆ ಐದು ಜೇಬು.
ಐದನೆಯದು ಬಲಗಡೆ, ದೊಡ್ಡ ಜೇಬಿನ ಮಡಿಲೊಳಗೆ
ಎರಡೇ ಬೆರಳು ಹಿಡಿಯುವ ಮರಿ.
ಅದು ಯಾತಕ್ಕೆ ಅಂತ ತೊಡುವವರಿಗೂ ಗೊತ್ತಿಲ್ಲ.
ಬಳ್ಳಾರಿ ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷದಿಂದ ಅದನ್ನೇ ಹೊಲಿಯುವ
ಗಾದಿಲಿಂಗನಿಗೆ, ಅಂದರೆ ನನಗೆ, ಗೊತ್ತಿತ್ತು.
ನನ್ನದರಲ್ಲಿ ಎರಡು ಚೀಟಿ ಇರುತ್ತಿದ್ದವು:
ಒಂದರಲ್ಲಿ ಅಡಿಕೆ, ಒಂದರಲ್ಲಿ ಹೊಗೆಸೊಪ್ಪು.
ಕೂಡಿಸಿ ಮಾರುವುದು ಸರ್ಕಾರಕ್ಕೆ ಆಗದು,
ಕೂಡಿಸಿಕೊಳ್ಳುವುದು ಅಂಗೈಯ ಕೆಲಸ.

ದೊಡ್ಡಾಸ್ಪತ್ರೆಯಲ್ಲಿ ಎಳೇ ಡಾಕ್ಟರಮ್ಮ
'ಬಾಯಿ ತೆಗೀರಿ' ಅಂದರು.
ತೆಗೆದೇ ಇದ್ದೆ.
'ಇನ್ನೂ' ಅಂದರು.
ನನ್ನ ಬೆರಳನ್ನೇ ಹಲ್ಲಿನ ನಡುವೆ ನಿಲ್ಲಿಸಿ ಅಳೆಸಿದರು:
ಮೂರು ಹಿಡಿಯಬೇಕಾದಲ್ಲಿ ಎರಡು.
ಅಳತೆ ತಪ್ಪದ ಕೈ ನನ್ನದು.
ಎರಡು ಬೆರಳಿನ ಜೇಬು ಹೊಲಿದೂ ಹೊಲಿದೂ
ಬಾಯಿಯನ್ನೂ ಅದೇ ಅಳತೆಗೆ ಹೊಲಿದಿಟ್ಟಿದ್ದೆ.

ಬಿಟ್ಟೆ.
ಅಂದರೆ, ನಾನು ಬಿಟ್ಟೆ. ಕೈಗೆ ಹೇಳುವವರು ಯಾರು?
ಕುಲದೇವರ ಮೇಲೆ ಆಣೆ ಇಟ್ಟೆ,
ಸಾಲದೆಂದು ಜೇಬಿನ ಬಾಯಿಗೆ
ಕೇಸರಿ ದಾರದಲ್ಲಿ ಜೋಡಿ ಹೊಲಿಗೆ ಹಾಕಿದೆ.
ಮೂವತ್ತೊಂಬತ್ತು ದಿನ.
ನಲವತ್ತನೇ ದಿನ ಮಧ್ಯಾಹ್ನ ಕರೆಂಟು ಹೋಯಿತು.
ಮಿಷಿನ್ನೆಲ್ಲ ಒಮ್ಮೆಗೇ ಸುಮ್ಮನಾದವು,
ತಗಡು ಮಾತ್ರ ಚಟಚಟ ಅನ್ನುತ್ತಿತ್ತು.
ಬೇವಿನ ಬುಡದಲ್ಲಿ ಜಿಲಾನಿ ಚೀಟಿ ಹರಿದ.
ನಾನು ನೋಡುವ ಹೊತ್ತಿಗೆ
ನನ್ನ ಅಂಗೈ ಆಗಲೇ ಅವನ ಮುಂದಿತ್ತು.

'ಬಿಟ್ಟು ಎಷ್ಟು ದಿನ ಆತ್ರೀ?'
'ಎರಡು' ಅಂದೆ, ನೆಲ ನೋಡುತ್ತ.
'ಅದಕ್ಕಿಂತ ಮುಂಚೆ?'
'ಮೂವತ್ತೊಂಬತ್ತು. ಹೋದವು.'
'ದಿನ ಎಲ್ಲಿಗೆ ಹೋಗ್ತಾವ್ರೀ' ಅಂದ ಡಾಕ್ಟರಮ್ಮ
ಚೀಟಿಯಲ್ಲಿ ನಲವತ್ತೊಂದು ಬರೆದರು.
'ಕೈ ಹೋದಾಗೊಮ್ಮೆ ಒಂದು ಗೀಟು ಎಳೀರಿ.
ತಡೀಬ್ಯಾಡ್ರಿ. ಬರೇ ನೋಡ್ರಿ.'

ಸೀಮೆಸುಣ್ಣದಿಂದ ಮಿಷಿನ್ನಿನ ಮೈಮೇಲೆ ಗೀಟು.
ಹುಲಿಗೆಮ್ಮನ ಕೂಡ ಜಗಳಾಡಿದ ದಿನ ಇಷ್ಟು,
ನಕ್ಕೊಂಡು ಬುತ್ತಿ ತಂದ ದಿನವೂ ಇಷ್ಟೇ.
ಹಸಿವಿಗಲ್ಲ, ಚಿಂತೆಗಲ್ಲ.
ಹನ್ನೆರಡು ಪೀಸಿನ ಕಟ್ಟು ಮುಗಿದಾಗೊಮ್ಮೆ ಒಂದು.
ಕಟ್ಟು ಮುಗಿಯುತ್ತದೆ,
ದಾರವನ್ನು ಹಲ್ಲಿಂದ ಕಡಿಯುತ್ತೇನೆ,
ದಾರ ಕಡಿದ ಹಲ್ಲು ಕೇಳುತ್ತದೆ: ಚೀಟಿ ಎಲ್ಲಿ?
ಹಣೆಬರಹ ಅಂತ ಅವ್ವ ಅತ್ತದ್ದು,
ಗಂಡಸಲ್ಲ ನಾನು ಅಂತ ನಾನೇ ಬೈದುಕೊಂಡದ್ದು,
ನೋಡಿದರೆ
ಗೇಣುದ್ದ ದಾರ.

ಈಗ ಮಣಿಕಟ್ಟಿಗೆ ಲಾಡಿ ಕಟ್ಟಿ
ಪುಟ್ಟ ಕತ್ತರಿಯೊಂದನ್ನು ಇಳಿಬಿಟ್ಟಿದ್ದೇನೆ.
'ಬಳಿ ಇಟ್ಕೊಂಡ್ಯೇನಲೇ?' ಅಂತ ಜಿಲಾನಿ ನಗುತ್ತಾನೆ.
ಹೂಂ ಅಂದೆ.
ಕಡಿಯುವುದು ಕತ್ತರಿ, ಹಲ್ಲಿಗೆ ರಜೆ.

ಆದರೂ ಕೈ ಹೋಗುತ್ತದೆ.
ಹೊಲಿಗೆ ಬಿಚ್ಚಿದ ಜೀನ್ಸು ನೋಡಿದ್ದೀರಾ?
ದಾರ ಹೋದ ಮೇಲೂ ಸೂಜಿಯ ತೂತು
ಇರುವೆ ಸಾಲಿನ ಹಾಗೆ ನಿಂತಿರುತ್ತವೆ.
ಹತ್ತು ಸಲ ಒಗೆದರೆ ಕೆಲವು ಮುಚ್ಚುತ್ತವೆ. ಎಲ್ಲವೂ ಅಲ್ಲ.
ಬಂದ ಕೈ ಬರಿದಾಗಿ ಹೋಗಬಾರದೆಂದು
ಐದನೇ ಜೇಬಿನಲ್ಲಿ ನಾಲ್ಕು ಕಾಳು ಪುಟಾಣಿ ಇಟ್ಟಿರುತ್ತೇನೆ.
ಬೆರಳು ಮುಟ್ಟಿ ನೋಡಿ ಒಂದು ಗಳಿಗೆ ಮುನಿಸಿಕೊಳ್ಳುತ್ತವೆ.
ಆಮೇಲೆ ತರುತ್ತವೆ.

ನಿನ್ನೆ ಸಂಜೆ ಮೋತಿ ಸರ್ಕಲ್ಲಿನ ಬಂಡಿ ಮುಂದೆ
ಮಂಡಕ್ಕಿ ಕೂಡ ಒಂದು ದಪ್ಪ ಮಿರ್ಚಿ.
ಇಡಿಯದಕ್ಕೆ ಬಾಯಿ ಒಡ್ಡಿದೆ.
ಆಗಲಿಲ್ಲ. ಎರಡು ಬೆರಳು,
ಮೇಲೆ ಒಂದೆಳೆ ದಾರದಷ್ಟು.
ಕತ್ತರಿ ಮಣಿಕಟ್ಟಿನಲ್ಲೇ ತೂಗುತ್ತಿತ್ತು.
ಬಂಡಿಯವನು ಬೆರಗಾಗಿ ನೋಡುತ್ತಿದ್ದಂತೆ
ಮಿರ್ಚಿಯನ್ನು ನಡುಮಧ್ಯ ಕತ್ತರಿಸಿದೆ.
ಅರ್ಧ ತಿಂದೆ. ಕೆನ್ನೆಯೊಳಗೆ ಬೆಂಕಿ, ಕಣ್ಣಲ್ಲಿ ನೀರು.
ಇನ್ನರ್ಧವನ್ನು ಕಾಗದದ ಮೇಲಿಟ್ಟುಕೊಂಡು
ಆರಲಿ ಅಂತ
ಕಾದೆ.