ಗಿಡ್ಡ ಗೋಡಿ

ನಮ್ಮ ಕ್ಯಾಂಪಿನ ಕಾಲೇಜು ಕಪ್ ಗೆದ್ದು
ಇಪ್ಪತ್ತಾರು ವರ್ಷಾತು.
ಆ ಕಪ್ಪಿನ ಒಂದು ಕಿವಿ ಮುರದೈತಿ,
ಪ್ರಿನ್ಸಿಪಾಲರು ಅದರಾಗ ಪೆನ್ನು ಇಡತಾರ.

ಹಂಗಿದ್ರೂ ಆಯ್ತವಾರ ಸಂಜಿ ಏಳಕ್ಕ
ನನ್ನ ಬೂತಿನ ಫೋನು ಒಂದಸವನ ಬಡಕೋತಿತ್ತು.
ಹೊರಗ ಹೋಗೂ ಫೋನಿಗೆ ರೊಕ್ಕ,
ಒಳಗ ಬರೂದಕ್ಕ ಒಂದು ಪೈಸಾ ಇಲ್ಲ.
ಪಠಾಣಕೋಟಿನಿಂದ, ಜಬಲಪುರದಿಂದ,
ಹೆಸರು ಹೇಳಬಾರದ ಯಾವುದೋ ಹಿಮದ ಗುಡ್ಡದಿಂದ,
ಮಸ್ಕತ್ತಿನ ದವಾಖಾನಿಯಿಂದ ನರ್ಸ್ ಫಿಲೋಮಿನಾ:
"ದಸ್ತಗೀರ ಮಾಮಾ, ಹಳದಿಯವರು ಏನ್ ಮಾಡಿದ್ರು?"

ಈಗ ಬೂತು ಹೋತು. ಅದ ಜಾಗಾದಾಗ
ಮೊಬೈಲಿಗೆ ಗಾಜು ಅಂಟಸತೇನಿ.
ಕೇಳೂ ಮಂದಿ ಮಾತ್ರ ಕೇಳತಾರ.

ಹೊಸಾ ಗೇಮ್ಸ್ ಮಾಸ್ತರ, ರೋಣದ ಕಡೆಯಾಂವ,
ಗಾಜು ಬದಲಿ ಮಾಡಸಾಕ ಬಂದು ಕೇಳಿದ:
"ಸೋಲೂ ಟೀಮಿಗೆ ದೇಶದ ತುಂಬ ಮಂದಿ ಯಾಕ?
ಎಲ್ಲಾ ಹಳೇ ವಿದ್ಯಾರ್ಥಿಗಳೇನು?"
ಅಲ್ರಿ, ಅಂದ್ನಿ. ಅವರೊಳಗ
ಆ ಕಾಲೇಜಿನ ಮೆಟ್ಟಲಾ ಹತ್ತಿದವರು ನಾಕು ಮಂದಿ ಸಿಗೂದಿಲ್ಲ.
"ಮತ್ತ?"
ಮತ್ತೇನು.
ಮೂಡಲ ಕಡೆ ಗೋಡಿ ಗಿಡ್ಡ ಐತಿ.

ಔಟ್‌ಪಾಸಿನ್ಯಾಗ ರಂಗರೂಟರು ಬರತಿದ್ರು,
ಬೋಳಿಸಿದ ತಲಿ, ಬೂಟಿಗೆ ಸುಲದ ಹಿಮ್ಮಡ,
ಒಬ್ಬ ಸಾತಾರದಾಂವ, ಒಬ್ಬ ಜೋಯಿಡಾದಾಂವ,
ಒಬ್ಬರ ಮಾತು ಒಬ್ಬರಿಗೆ ತಿಳೀದು.
ಸಿನಿಮಾಕ್ಕ ರೊಕ್ಕ ಇಲ್ಲ. ಗೋಡಿಗೆ ಟಿಕೀಟಿಲ್ಲ.
ಮಳಿಗಾಲದಾಗ ಗ್ರೌಂಡು ಬರೇ ಕೆಂಪು ರಾಡಿ,
ಅರ್ಧ ಆಟ ಮುಗಿಯೂದ್ರಾಗ ಹಳದಿ ಅಂಗಿ
ಇಟ್ಟಂಗಿ ಬಣ್ಣ ಆಗಿರತಿತ್ತು.
ಇನಾಸ ಫರ್ನಾಂಡಿಸ ಎಡಗಾಲಲೇ ಚೆಂಡು ಎತ್ತಿದ್ರ
ಗೋಡಿ ತುಂಬ ಒಂದ ಸಲಾ "ಹೋ!"
ಆರು ದಿನಾ ಬೈಸಿಕೊಂಡ ಗಂಟಲು,
"ಹೌದ್ರಿ ಸಾಹೇಬ್ರ" ಬಿಟ್ಟು ಬ್ಯಾರೆ ಅನ್ನದ ಗಂಟಲು.

ಧಾರವಾಡದ ಒಂದು ಕಾಲೇಜಿಗೆ ಗ್ಯಾಲರಿ ಐತಿ,
ಮ್ಯಾಲ ತಗಡ ಐತಿ, ಗೆಲುವೂ ಐತಿ.
ಅಲ್ಲಿಂದ ಎದ್ದಾಂವ ಮನಿಗೆ ಹೋಗತಾನ,
ಉಂಡು ಮಲಗತಾನ, ಮರೀತಾನ.
ನಮ್ಮ ಗೋಡಿಯಿಂದ ಎದ್ದಾಂವ ಗಡಿಗೆ ಹೋಗತಾನ.
ಮಾಸ್ತರ ಇದನ್ನ ಬರಕೊಳ್ಳಲಿಲ್ಲ.

ಅವಗ ಇನ್ನೊಂದು ಹೇಳಲಿಲ್ಲ ನಾ.
ಒಂದು ರಾತ್ರಿ ಪುಂಡಲೀಕ ಮುಚ್ಚಂಡಿ ಫೋನು.
ಅರ್ಧ ಗಾಳಿ, ಅರ್ಧ ಅಂವ.
ಅವತ್ತು ಮೂರು ಸೊನ್ನಿ ಸೋತಿದ್ವಿ.
ಪಾಪ ಅನಿಸ್ತು. "ಗೆದ್ವೋ ತಮ್ಮಾ" ಅಂದ್ನಿ.
ಸ್ವಲ್ಪ ಹೊತ್ತು ಬರೇ ಗಾಳಿ.
"ಗೋಲು ಯಾರು ಹೊಡದ್ರು, ಮಾಮಾ?"
ನನ್ನ ಬಾಯಾಗ ಒಂದು ಹೆಸರೂ ಬರಲಿಲ್ಲ.
"ಸುಳ್ಳ ಹೇಳಬ್ಯಾಡ. ಇಲ್ಲಿಗೆ ಬರೂವೆಲ್ಲಾ
ಚೊಲೋ ಸುದ್ದೀನ. ಮನಿಯವರೂ ಹಂಗ ಬರೀತಾರ.
ಖರೇದು ಕೇಳಾಕ ನಿನಗ ಮಾಡತೇನಿ."

ಮೂರು ಸೊನ್ನಿ, ಅಂದ್ನಿ.
ಗೋಲಿ ರಾಡ್ಯಾಗ ಜಾರಿ ಕಂಬಾ ಅಪ್ಪಿದ್ದು,
ಪೆನಾಲ್ಟಿ ಹೋಗಿ ಆಚೆ ರಸ್ತಾದಾಗಿನ ಎಮ್ಮಿಗೆ ಬಡದದ್ದು,
ಎಮ್ಮಿಯಾಕಿ ಚೆಂಡು ಕೊಡೂದಿಲ್ಲಂತ ಜಗಳಾ ತಗದದ್ದು,
ಎಲ್ಲಾ ಹೇಳಿದ್ನಿ.
ಅಂವ ನಕ್ಕ. ಅವನ ಹಿಂದ ಮತ್ತ ಯಾರ್ಯಾರೋ ನಕ್ರು,
ಅಲ್ಲಿ ಅಷ್ಟು ಮಂದಿ ನಿಂತಾರಂತ ಅಲ್ಲೀತನಕಾ ಗೊತ್ತಿರಲಿಲ್ಲ.

ಈ ತಿಂಗಳ ನ್ಯಾಕ್ ಕಮಿಟಿ ಬರತೈತಂತ
ಗೋಡಿ ಎತ್ತರಸಾಕ ಹತ್ಯಾರ.
ಗೌಂಡಿ ಬಾಳಪ್ಪ ಆಗಲೇ ಐದು ಸಾಲು ಇಟ್ಟಾನ,
ಮ್ಯಾಲ ಚುಚ್ಚಾಕ ಗಾಜಿನ ಚೂರು ಚೀಲದಾಗ ಬಂದಾವ.
ಅವಗ ಚಾ ಒಯ್ದು ಕೊಟ್ಟು, ಸಣ್ಣಗ ಕೇಳಿದ್ನಿ:
ಒಂದು ಕಡೆ ಹಂಗ ಬಿಡಲಾ, ಮೊದಲಿನಷ್ಟ ಗಿಡ್ಡ.
ಗುತ್ತಿಗಿದಾರ ಎಲ್ಲಿ ಅದಾನಂತ ನೋಡಿ,
ಕರಣಿ ಒರಿಸಿ,
"ಎಷ್ಟ ಅಗಲ?" ಅಂದ.
ಎರಡೂ ಕೈ ಚಾಚಿದ್ನಿ.
ಸಾಲಲಿಲ್ಲ.